ಒಂದು ಹಾಸಿಗೆಗೆ ಮೂರು ಬೆಲೆ

ಹಾಸ್ಟೆಲ್ ಎಂದ ಕೂಡಲೇ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ವಾರ್ಡನ್, ರಾತ್ರಿ ಗೇಟಿಗೆ ಬೀಳುವ ಬೀಗ ಮತ್ತು ಭಾನುವಾರದ ಬಿರಿಯಾನಿ ನೆನಪಾಗುತ್ತವೆ. ಈ ಲೇಖನದ ಹಾಸ್ಟೆಲ್ ಬೇರೆ. ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಕಡಿಮೆ ಖರ್ಚಿನಲ್ಲಿ ಹೊರದೇಶ ನೋಡಲು ಹೋಗುವವರು ರಾತ್ರಿ ಉಳಿಯುವ ಜಾಗ ಅದು. ಹೋಟೆಲಿನಲ್ಲಿ ಕೋಣೆ ಬಾಡಿಗೆಗೆ ಸಿಗುತ್ತದೆ, ಇಲ್ಲಿ ಹಾಸಿಗೆ ಬಾಡಿಗೆಗೆ ಸಿಗುತ್ತದೆ. ಒಂದು ಕೋಣೆಯಲ್ಲಿ ನಾಲ್ಕು, ಆರು, ಕೆಲವೊಮ್ಮೆ ಹನ್ನೆರಡು ಹಾಸಿಗೆಗಳಿರುತ್ತವೆ. ಸ್ನಾನದ ಮನೆ, ಅಡುಗೆಮನೆ, ಕುಳಿತುಕೊಳ್ಳುವ ಕೋಣೆ ಎಲ್ಲರಿಗೂ ಸೇರಿದ್ದು.

ಕಾಮರ್ಸ್ ವಿದ್ಯಾರ್ಥಿಗೆ ಪ್ರವಾಸದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣ ನನ್ನ ಖಾಲಾ ಮಗಳು, ನಾವೆಲ್ಲ ಆಪಾ ಎಂದು ಕರೆಯುವವರು. ಅವರಿಗೆ ಮಾನ್ಯತಾ ಟೆಕ್ ಪಾರ್ಕಿನ ಒಂದು ಕಚೇರಿಯಲ್ಲಿ ಕೆಲಸ. ಇಬ್ಬರು ಗೆಳತಿಯರೊಂದಿಗೆ ಐದು ರಾತ್ರಿಗಳ ಮಟ್ಟಿಗೆ ಮಲೇಷ್ಯಾಕ್ಕೆ ಹೋಗಬೇಕೆಂದು ಒಂದು ವರ್ಷ ಹಣ ಕೂಡಿಟ್ಟಿದ್ದರು. "ನೀನು ಕಾಮರ್ಸ್ ಅಲ್ಲವಾ, ಉಳಿಯುವ ಜಾಗದ ಲೆಕ್ಕ ನೀನೇ ಹಾಕು" ಎಂದು ಕೆಲಸವನ್ನು ನನಗೆ ಒಪ್ಪಿಸಿದರು. ಎರಡು ವಾರ ಹತ್ತಾರು ಹಾಸ್ಟೆಲ್‌ಗಳ ಪುಟಗಳನ್ನು ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ಒಂದು ಹಾಸಿಗೆಗೆ ಮೂರು ಬೆಲೆಗಳಿವೆ. ಒಂದು ತೋರಿಸುವ ಬೆಲೆ. ಎರಡನೆಯದು ಕೊಡುವ ಬೆಲೆ. ಮೂರನೆಯದು, ಹೋಗಲಾಗದಿದ್ದರೆ ಕಳೆದುಕೊಳ್ಳುವ ಬೆಲೆ. ಮೊದಲನೆಯದನ್ನು ಮಾತ್ರ ನೋಡಿ ಬುಕ್ ಮಾಡುವವರಿಗೆ ಅಗ್ಗದ ಹಾಸಿಗೆಯೇ ದುಬಾರಿಯಾಗುತ್ತದೆ.

ಇದು ಹೊಸ ಪದ್ಧತಿಯೇ?

ಹೆಬ್ಬಾಳ, ಆರ್.ಟಿ. ನಗರ, ನಾಗವಾರದ ಗಲ್ಲಿಗಳಲ್ಲಿ ಪಿಜಿ ಬೋರ್ಡುಗಳನ್ನು ನೋಡಿದ್ದೀರಿ. ಟು ಶೇರಿಂಗ್, ತ್ರೀ ಶೇರಿಂಗ್, ಫೋರ್ ಶೇರಿಂಗ್ ಎಂದು ಬರೆದಿರುತ್ತಾರೆ. ಶೇರಿಂಗ್ ಹೆಚ್ಚಾದಷ್ಟೂ ಬಾಡಿಗೆ ಕಡಿಮೆ. ಪ್ರವಾಸಿಗರ ಹಾಸ್ಟೆಲ್ ಎಂದರೆ ತಿಂಗಳ ಬದಲು ರಾತ್ರಿಯ ಲೆಕ್ಕದಲ್ಲಿ ಸಿಗುವ ಪಿಜಿ ಎಂದುಕೊಳ್ಳಿ, ಅರ್ಧ ವಿಷಯ ಅರ್ಥವಾದಂತೆ.

ದಾರಿಹೋಕರಿಗೆ ಜಾಗ ಕೊಡುವುದು ನಮ್ಮ ನಾಡಿಗೂ ಹಳೆಯದು. 14ನೇ ಶತಮಾನದಲ್ಲಿ ಹೊನ್ನಾವರ, ಮಂಗಳೂರುಗಳ ಮೂಲಕ ಹೋದ ಇಬ್ನ್ ಬತೂತಾ, ಮಲಬಾರಿನ ದಾರಿಯಲ್ಲಿ ಪ್ರತಿ ಅರ್ಧ ಮೈಲಿಗೊಂದು ಮರದ ತಂಗುದಾಣವೂ ಪಕ್ಕದಲ್ಲಿ ಬಾವಿಯೂ ಇದ್ದವು, ಯಾವ ಮತದವರಾದರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು ಎಂದು ದಾಖಲಿಸಿದ್ದಾನೆ. ಮೆಜೆಸ್ಟಿಕ್‌ನಲ್ಲಿ ರೈಲು ನಿಲ್ದಾಣದ ಎದುರಿಗಿರುವ ಗುಬ್ಬಿ ತೋಟದಪ್ಪ ಛತ್ರವೂ ಹಳೆಯದೇ. ನಮ್ಮ ಮನೆಯ ಉರ್ದುವಿನಲ್ಲಿ ಇಂಥ ಜಾಗಕ್ಕೆ ಮುಸಾಫಿರ್‌ಖಾನಾ ಅಥವಾ ಸರಾಯ್ ಎನ್ನುತ್ತೇವೆ. ಆದರೆ ಪಕ್ಕದ ಮನೆಯ ಅಜ್ಜಿಗೆ "ಆಪಾ ಸರಾಯ್‌ನಲ್ಲಿ ಉಳಿಯುತ್ತಾರೆ" ಎಂದು ಹೇಳುವ ಮೊದಲು ಯೋಚಿಸಿ. ಕನ್ನಡದ ಕಿವಿಗೆ ಅದು ಸಾರಾಯಿ ಎಂದು ಕೇಳಿಸುತ್ತದೆ!

ಈಗಿನ ರೂಪದ ಯೂತ್ ಹಾಸ್ಟೆಲ್ ಶುರುವಾದದ್ದು ಒಬ್ಬ ಶಾಲಾ ಮಾಸ್ತರರಿಂದ. ಜರ್ಮನಿಯ ರಿಚರ್ಡ್ ಶಿರ್ಮನ್ 1909ರ ಆಗಸ್ಟ್‌ನಲ್ಲಿ ಮಕ್ಕಳನ್ನು ಕಾಲ್ನಡಿಗೆಯಲ್ಲಿ ಪ್ರವಾಸ ಕರೆದುಕೊಂಡು ಹೋಗಿದ್ದಾಗ ಗುಡುಗು ಮಳೆ ಹಿಡಿಯಿತು. ಎಲ್ಲರೂ ಒಂದು ಶಾಲೆಯಲ್ಲಿ ರಾತ್ರಿ ಕಳೆದರು. ರಜೆಯಲ್ಲಿ ಶಾಲೆಗಳು ಖಾಲಿ ಇರುತ್ತವೆ, ನಡೆದು ಬರುವ ಮಕ್ಕಳಿಗೆ ಅಲ್ಲೇ ಮಲಗಲು ಜಾಗ ಕೊಟ್ಟರೆ ಹೇಗೆ ಎಂಬ ಯೋಚನೆ ಅವರಿಗೆ ಆಗ ಬಂತು. ಮುಂದೆ ಆಲ್ಟೆನಾ ಎಂಬ ಊರಿನ ಕೋಟೆಯಲ್ಲಿ ಅವರು ಶಾಶ್ವತ ಹಾಸ್ಟೆಲ್ ತೆರೆದರು. 1932ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹಲವು ದೇಶಗಳ ಸಂಘಗಳು ಸೇರಿ ಒಂದು ಒಕ್ಕೂಟ ಕಟ್ಟಿದವು. ಅದೇ ಇಂದಿನ ಹಾಸ್ಟೆಲಿಂಗ್ ಇಂಟರ್‌ನ್ಯಾಷನಲ್. ನಮ್ಮ ದೇಶದ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ ಅದರ ಸದಸ್ಯ ಸಂಸ್ಥೆ. ಅದು 1949ರಲ್ಲಿ ಆರಂಭವಾದದ್ದು ನಮ್ಮ ಮೈಸೂರಿನಲ್ಲಿ. ಅದರ ಸದಸ್ಯತ್ವ ಕಾರ್ಡ್ ಇದ್ದರೆ ಹೊರದೇಶಗಳಲ್ಲಿರುವ ಒಕ್ಕೂಟದ ಹಾಸ್ಟೆಲ್‌ಗಳಲ್ಲೂ ಸದಸ್ಯರ ದರ ಸಿಗುತ್ತದೆ.

ಮನೆಯವರ ಪ್ರಶ್ನೆ

ಲೆಕ್ಕಕ್ಕಿಂತ ಮೊದಲು ಮನೆಯಲ್ಲಿ ಒಪ್ಪಿಗೆ ಬೇಕಿತ್ತು. ಪರಿಚಯವಿಲ್ಲದವರ ಜೊತೆ ಒಂದೇ ಕೋಣೆಯಲ್ಲಿ ಮಲಗುವುದು ಎಂದು ಕೇಳಿದ ಕೂಡಲೇ ಅಮ್ಮಿ ಒಂದೇ ಮಾತು ಹೇಳಿದರು: "ನಕೋ." ದಖನಿಯಲ್ಲಿ ಬೇಡ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿಯಾದ ಮಾತಿಲ್ಲ. ಖಾಲಾ ಕೂಡ ಅವರ ಪಕ್ಷವೇ.

ಆಗ ಮಾತಾಡಿದವರು ದಾದಿ. ಹಜ್‌ಗೆ ಹೋಗಿದ್ದಾಗ ಮಕ್ಕಾದ ಅಝೀಝಿಯಾದಲ್ಲಿ ಅವರ ಕೋಣೆಯಲ್ಲಿ ಐದು ಜನ ಹೆಂಗಸರಿದ್ದರಂತೆ. ಕೋಲಾರದವರು, ತುಮಕೂರಿನವರು, ದಾವಣಗೆರೆಯವರು. ಯಾರಿಗೆ ಯಾರೂ ಗೊತ್ತಿರಲಿಲ್ಲ. ದಾವಣಗೆರೆಯವರು ಈಗಲೂ ಈದ್ ದಿನ ದಾದಿಗೆ ಫೋನ್ ಮಾಡುತ್ತಾರೆ. ನಮ್ಮ ಹೆಗಡೆನಗರದ ಕಡೆ ತಿರುಮೇನಹಳ್ಳಿಯಲ್ಲಿ ಹಜ್ ಭವನವಿದೆಯಲ್ಲ, ಹಜ್ ಕಾಲದಲ್ಲಿ ಬೇರೆ ಬೇರೆ ಜಿಲ್ಲೆಯವರು ವಿಮಾನ ಹತ್ತುವ ಮೊದಲು ಅಲ್ಲೂ ಒಟ್ಟಿಗೇ ಉಳಿಯುತ್ತಾರೆ. "ಜೊತೆಗೆ ಯಾರು ಮಲಗುತ್ತಾರೆ ಅನ್ನೋದಕ್ಕಿಂತ ಬಾಗಿಲಿಗೆ ಚಿಲಕ ಇದೆಯಾ, ಹೆಂಗಸರಿಗೇ ಬೇರೆ ಕೋಣೆ ಇದೆಯಾ, ಅದನ್ನು ನೋಡಿ" ಎಂದರು ದಾದಿ. ಅಮ್ಮಿಯ ನಕೋ ಅಲ್ಲಿಗೆ "ನೋಡೋಣ" ಆಯಿತು. ಅವರ ಮಾತನ್ನೇ ನಾನು ಷರತ್ತುಗಳ ಪಟ್ಟಿ ಮಾಡಿಕೊಂಡೆ:

1. ಹೆಂಗಸರಿಗೆ ಮಾತ್ರ ಮೀಸಲಾದ ಕೋಣೆ. ಬುಕಿಂಗ್ ಪುಟದಲ್ಲಿ ಇದನ್ನು ಫೀಮೇಲ್ ಡಾರ್ಮ್ ಎಂದು ಬರೆದಿರುತ್ತಾರೆ. ಮಿಕ್ಸ್ಡ್ ಡಾರ್ಮ್ ಎಂದರೆ ಗಂಡಸರೂ ಇರುತ್ತಾರೆ ಎಂದರ್ಥ. ಎಷ್ಟೋ ಕಡೆ ಮಿಕ್ಸ್ಡ್ ಡಾರ್ಮಿನ ಬೆಲೆಯೇ ಮೊದಲು ಕಾಣುತ್ತದೆ, ಹುಷಾರಾಗಿರಿ.
2. ಕೋಣೆಯ ಬಾಗಿಲು ಕಾರ್ಡ್ ಅಥವಾ ಸಂಖ್ಯೆ ಒತ್ತಿದರೆ ಮಾತ್ರ ತೆರೆಯಬೇಕು.
3. ಪ್ರತಿ ಹಾಸಿಗೆಗೂ ಒಂದು ಲಾಕರ್, ಒಂದು ಪರದೆ, ಒಂದು ದೀಪ.
4. ರಾತ್ರಿಯಿಡೀ ರಿಸೆಪ್ಷನ್‌ನಲ್ಲಿ ಯಾರಾದರೂ ಇರಬೇಕು.
5. ಕಟ್ಟಡದೊಳಗೆ ಬಾರ್ ಇರಬಾರದು. ಪಾರ್ಟಿ ಹಾಸ್ಟೆಲ್ ಎಂದು ತಾವೇ ಬರೆದುಕೊಂಡಿರುವ ಜಾಗಗಳನ್ನು ಮೊದಲೇ ಬಿಟ್ಟೆವು.

ಹಾಸಿಗೆ ಏಕೆ ಅಗ್ಗ?

ಈಗ ಪಾಠಕ್ಕೆ ಬರೋಣ. ಒಂದು ಕೋಣೆಯನ್ನು ಇಬ್ಬರಿಗೆ ಕೊಟ್ಟರೆ ಮಾಲೀಕನಿಗೆ ರಾತ್ರಿಗೆ 120 ರಿಂಗಿಟ್ ಬರುತ್ತದೆ ಎಂದುಕೊಳ್ಳಿ. ರಿಂಗಿಟ್ ಮಲೇಷ್ಯಾದ ಹಣ. ಅದೇ ಕೋಣೆಯಲ್ಲಿ ಒಂದರ ಮೇಲೊಂದು ಮಂಚ ಹಾಕಿ ಆರು ಹಾಸಿಗೆ ಮಾಡಿ, ತಲಾ 40 ರಿಂಗಿಟ್‌ಗೆ ಕೊಟ್ಟರೆ 240. ಕಟ್ಟಡದ ಬಾಡಿಗೆ, ರಿಸೆಪ್ಷನ್ ಸಂಬಳ, ಇಂಟರ್‌ನೆಟ್ ಇವು ಸ್ಥಿರ ವೆಚ್ಚಗಳು. ಇಬ್ಬರು ಬಂದರೂ ಆರು ಜನ ಬಂದರೂ ಅವು ಹೆಚ್ಚು ಬದಲಾಗುವುದಿಲ್ಲ. ಮೂರು ಹಾಸಿಗೆ ತುಂಬಿದರೆ ಹಳೆಯ ಆದಾಯಕ್ಕೆ ಸಮ, ನಾಲ್ಕನೆಯದರಿಂದ ಲಾಭ. ನಮಗೆ ಅಗ್ಗ, ಅವರಿಗೂ ಲಾಭ.

ಆದರೆ ಅವರಿಗೊಂದು ಭಯವಿದೆ. ಅಂಗಡಿಯಲ್ಲಿ ಇಂದು ಮಾರದ ಸೋಪನ್ನು ನಾಳೆ ಮಾರಬಹುದು. ನಿನ್ನೆ ರಾತ್ರಿ ಖಾಲಿ ಉಳಿದ ಹಾಸಿಗೆಯನ್ನು ಇಂದು ಯಾರಿಗೂ ಮಾರಲಾಗದು. ಬುಕ್ ಮಾಡಿದವರು ಕೊನೆ ಗಳಿಗೆಯಲ್ಲಿ ಬಾರದಿದ್ದರೆ ಆ ನಷ್ಟ ಹಾಸ್ಟೆಲಿನದು. ಅದಕ್ಕೇ ಅವರು ಎರಡು ದರ ಇಡುತ್ತಾರೆ. ರದ್ದು ಮಾಡಿದರೆ ಹಣ ವಾಪಸ್ ಬರುವ ದರ ಸ್ವಲ್ಪ ಹೆಚ್ಚು. ಹಣ ವಾಪಸ್ ಬಾರದ ದರ ಕಡಿಮೆ. ಆ ರಿಯಾಯಿತಿ ದಾನವಲ್ಲ. ಹಾಸ್ಟೆಲಿನ ನಷ್ಟಭಯವನ್ನು ನಿಮ್ಮ ಹೆಗಲಿಗೆ ದಾಟಿಸಿದ್ದಕ್ಕೆ ಕೊಡುವ ಕೂಲಿ. ವಿಮಾ ಕಂಪನಿ ಪ್ರೀಮಿಯಂ ಪಡೆದು ನಮ್ಮ ಅಪಾಯವನ್ನು ಹೊರುತ್ತದೆ ಎಂದು ವ್ಯವಹಾರ ಅಧ್ಯಯನದಲ್ಲಿ ಓದಿದ್ದೇವೆ. ಇಲ್ಲಿ ವಿಮಾ ಕಂಪನಿ ನೀವೇ. ಪ್ರೀಮಿಯಂ ಸಾಕಷ್ಟಿದೆಯೇ ಎಂದು ನೀವೇ ನೋಡಬೇಕು.

ನಡುವೆ ಬುಕಿಂಗ್ ತಾಣಗಳಿವೆ. 1996ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಬುಕಿಂಗ್ ಡಾಟ್ ಕಾಮ್, 1999ರಲ್ಲಿ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ ಶುರುವಾದ ಹಾಸ್ಟೆಲ್‌ವರ್ಲ್ಡ್ ಇವುಗಳಲ್ಲಿ ಹೆಸರಾದವು. ನನ್ನ ಅಬ್ಬು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಈರುಳ್ಳಿ ಮಂಡಿಯ ಲೆಕ್ಕ ಬರೆಯುತ್ತಾರೆ. ಬುಕಿಂಗ್ ತಾಣ ಏನು ಮಾಡುತ್ತದೆ ಎಂದು ವಿವರಿಸಿದಾಗ ಅವರು ಕೂಡಲೇ, "ಕಮಿಷನ್ ಏಜೆಂಟ್ ಅನ್ನು" ಎಂದರು. ನಿಜ. ಮಾಲು ಅವರದಲ್ಲ. ಕೊಳ್ಳುವವರನ್ನೂ ಮಾರುವವರನ್ನೂ ಸೇರಿಸಿ ಹಾಸ್ಟೆಲಿನಿಂದ ಕಮಿಷನ್ ಪಡೆಯುತ್ತಾರೆ. ಹಾಗಾಗಿ ತಾಣದಲ್ಲಿ ಹುಡುಕಿದ ಮೇಲೆ ಹಾಸ್ಟೆಲಿಗೆ ನೇರವಾಗಿ ಒಂದು ಮೇಲ್ ಬರೆದು ದರ ಕೇಳುವುದರಲ್ಲಿ ತಪ್ಪಿಲ್ಲ. ಕೆಲವರು ಅದೇ ದರಕ್ಕೆ ತಿಂಡಿ ಸೇರಿಸುತ್ತಾರೆ.

ಲೆಕ್ಕ

ಲೆಕ್ಕ ಸುಲಭವಾಗಲಿ ಎಂದು 1 ರಿಂಗಿಟ್‌ಗೆ 20 ರೂಪಾಯಿ ಎಂದಿಟ್ಟುಕೊಂಡಿದ್ದೇನೆ. ನೀವು ಲೆಕ್ಕ ಹಾಕುವ ದಿನದ ದರವನ್ನು ನೀವೇ ನೋಡಿಕೊಳ್ಳಿ. ಕೆಳಗಿನ ಎರಡು ಹಾಸ್ಟೆಲ್‌ಗಳು ಉದಾಹರಣೆಗಾಗಿ ನಾನು ಮಾಡಿಕೊಂಡವು. ಆದರೆ ಇಂಥ ಜೋಡಿ ಯಾವ ಊರಿನ ಪಟ್ಟಿಯಲ್ಲೂ ಸಿಗುತ್ತದೆ.

ಹಾಸ್ಟೆಲ್ ಅ: ರಾತ್ರಿಗೆ 35 ರಿಂಗಿಟ್. ಹಣ ಈಗಲೇ ಕಟ್ಟಬೇಕು, ವಾಪಸ್ ಇಲ್ಲ. ತಿಂಡಿ ಇಲ್ಲ. ರೈಲು ನಿಲ್ದಾಣ ದೂರ.
ಹಾಸ್ಟೆಲ್ ಆ: ರಾತ್ರಿಗೆ 48 ರಿಂಗಿಟ್. ಎರಡು ದಿನ ಮೊದಲು ರದ್ದು ಮಾಡಿದರೆ ಏನೂ ಕಡಿತವಿಲ್ಲ. ತಿಂಡಿ, ಟವೆಲ್ ಸೇರಿವೆ. ನಿಲ್ದಾಣದ ಪಕ್ಕ.

ತೋರಿಸುವ ಬೆಲೆಯಲ್ಲಿ ಐದು ರಾತ್ರಿಗೆ ಅ 175, ಆ 240. ಅ ಹಾಸ್ಟೆಲ್ 65 ರಿಂಗಿಟ್ ಅಗ್ಗ.

ಈಗ ಕೊಡುವ ಬೆಲೆ. ಭಾರತದ ಕಾರ್ಡಿನಿಂದ ಹೊರದೇಶದ ಹಣದಲ್ಲಿ ಪಾವತಿ ಮಾಡಿದರೆ ಬ್ಯಾಂಕು ಮಾರ್ಕ್‌ಅಪ್ ಎಂಬ ಶುಲ್ಕ ಹಾಕುತ್ತದೆ. ಎಷ್ಟೋ ಕಾರ್ಡ್‌ಗಳಲ್ಲಿ ಅದು ಶೇ 3.5. ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ. ಎರಡೂ ಸೇರಿದರೆ ಶೇ 4.13.

ಅ: ಹಾಸಿಗೆ 175, ಕಾರ್ಡ್ ಶುಲ್ಕ 7, ಟವೆಲ್ 5, ತಿಂಡಿ ದಿನಕ್ಕೆ 8ರಂತೆ 40, ದೂರದ ಓಡಾಟಕ್ಕೆ ದಿನಕ್ಕೆ 10ರಂತೆ 50. ಒಟ್ಟು 277 ರಿಂಗಿಟ್, ಅಂದರೆ 5,540 ರೂಪಾಯಿ.
ಆ: ಹಾಸಿಗೆ 240, ಕಾರ್ಡ್ ಶುಲ್ಕ 10. ಒಟ್ಟು 250 ರಿಂಗಿಟ್, ಅಂದರೆ 5,000 ರೂಪಾಯಿ.

ಅಗ್ಗದ್ದು 540 ರೂಪಾಯಿ ದುಬಾರಿಯಾಯಿತು. ದೂರದ ಓಡಾಟವನ್ನು ಲೆಕ್ಕಕ್ಕೆ ಏಕೆ ಹಿಡಿದೆ ಎನ್ನುವಿರಾ? ಲಾಲ್‌ಬಾಗ್, ಟಿಪ್ಪು ಅರಮನೆ ನೋಡಲು ಬಂದ ಪ್ರವಾಸಿ ಅಗ್ಗವೆಂದು ಯಲಹಂಕ ನ್ಯೂ ಟೌನ್‌ನಲ್ಲಿ ಉಳಿದರೆ ಏನಾಗುತ್ತದೆ ಎಂದು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತ ಯಾರನ್ನಾದರೂ ಕೇಳಿ. ಕ್ವಾಲಾಲಂಪುರದಲ್ಲಿ ಪೆಟಾಲಿಂಗ್ ಸ್ಟ್ರೀಟ್ ಸುತ್ತ ಹಾಸ್ಟೆಲ್‌ಗಳು ಸಾಕಷ್ಟಿವೆ. ಅಲ್ಲಿಂದ ಪಸಾರ್ ಸೆನಿ ರೈಲು ನಿಲ್ದಾಣಕ್ಕೆ ನಡೆದೇ ಹೋಗಬಹುದು. ಮುಂದಿನ ನಿಲ್ದಾಣವೇ ಮಸ್ಜಿದ್ ಜಾಮೆಕ್. ಆಪಾ ಆ ಭಾಗವನ್ನೇ ಆರಿಸಿಕೊಂಡರು.

ಇನ್ನೊಂದು ಖರ್ಚು ಎರಡೂ ಕಡೆ ಸಮಾನವಾದ್ದರಿಂದ ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಮಲೇಷ್ಯಾದಲ್ಲಿ ವಿದೇಶಿ ಪ್ರವಾಸಿಗರಿಗೆ ಕೋಣೆಯೊಂದಕ್ಕೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಇದೆ. 2017ರಿಂದ ಅದು ಜಾರಿಯಲ್ಲಿದೆ. ಆರು ಜನರ ಕೋಣೆಯಲ್ಲಿ ಅದನ್ನು ಹೇಗೆ ಹಂಚುತ್ತೀರಿ, ನಾವು ಕಟ್ಟಿದ ಮೊತ್ತದಲ್ಲಿ ಅದು ಸೇರಿದೆಯೇ ಎಂದು ಹಾಸ್ಟೆಲನ್ನು ಮೊದಲೇ ಕೇಳಿ. ಯುರೋಪಿನ ಅನೇಕ ನಗರಗಳಲ್ಲೂ ಹೀಗೆ ಸ್ಥಳದಲ್ಲೇ ಕಟ್ಟುವ ತೆರಿಗೆ ಇರುತ್ತದೆ.

ಕೊನೆಗೆ ಕಳೆದುಕೊಳ್ಳುವ ಬೆಲೆ. ರಜೆ ಕೊನೆ ಗಳಿಗೆಯಲ್ಲಿ ತಪ್ಪುವ ಸಾಧ್ಯತೆ ಎಷ್ಟು ಎಂದು ಆಪಾರನ್ನು ಕೇಳಿದೆ. "ಐದಕ್ಕೆ ಒಂದು ಸಲ" ಎಂದರು. ಇದನ್ನು ಲೆಕ್ಕಕ್ಕೆ ತರುವುದು ಹೇಗೆಂದು ಅಬ್ಬು ಈರುಳ್ಳಿಯಲ್ಲೇ ತೋರಿಸಿದರು. ಐದು ಮೂಟೆ ಕೊಂಡು ಒಂದು ಕೊಳೆತರೆ, ಕೊಳೆತ ಮೂಟೆಯ ಅಸಲನ್ನು ಉಳಿದ ನಾಲ್ಕರ ಮೇಲೆ ಹಾಕಿಯೇ ದರ ಕಟ್ಟುತ್ತಾರೆ. ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಸಾಮಾನ್ಯ ನಷ್ಟ ಎನ್ನುತ್ತಾರೆ. ಅ ಹಾಸ್ಟೆಲಿಗೆ ಮುಂಗಡವಾಗಿ ಹೋಗುವ ಹಣ 175 ಮತ್ತು 7, ಒಟ್ಟು 182 ರಿಂಗಿಟ್. ಐದು ಸಲ ಬುಕ್ ಮಾಡಿ ಒಂದು ಸಲ ಹೋಗಲಾಗದಿದ್ದರೆ ಆ 182ನ್ನು ಹೋದ ನಾಲ್ಕು ಸಲಗಳ ಮೇಲೆ ಹಂಚಬೇಕು: ತಲಾ 45.50. ಹಾಗಾದರೆ ಅ ಹಾಸ್ಟೆಲಿನ ನಿಜವಾದ ಬೆಲೆ 322.50 ರಿಂಗಿಟ್, ಅಂದರೆ 6,450 ರೂಪಾಯಿ. ಆ ಹಾಸ್ಟೆಲಿನದು 5,000 ರೂಪಾಯಿಯಲ್ಲೇ ನಿಂತಿದೆ.

ರಜೆ ಖಚಿತ, ಬೆಳಿಗ್ಗೆ ತಿಂಡಿ ಬೇಡ, ಎಷ್ಟು ದೂರವಾದರೂ ನಡೆಯುತ್ತೇನೆ ಎನ್ನುವವರಿಗೆ ಅ ಹಾಸ್ಟೆಲೇ ಸರಿ. ಲೆಕ್ಕದ ಉತ್ತರ ಆಳಿನಿಂದ ಆಳಿಗೆ ಬದಲಾಗುತ್ತದೆ, ವಿಧಾನ ಬದಲಾಗುವುದಿಲ್ಲ.

ವಿಮರ್ಶೆಗಳನ್ನು ಓದುವ ಬಗೆ

ಸಂಖ್ಯಾಶಾಸ್ತ್ರದ ಪಾಠ ಇಲ್ಲಿ ಕೆಲಸಕ್ಕೆ ಬಂತು. 11 ಜನ ಸೇರಿ ಕೊಟ್ಟ 9.4 ಅಂಕಕ್ಕಿಂತ 1,200 ಜನ ಕೊಟ್ಟ 8.6ನ್ನು ಹೆಚ್ಚು ನಂಬಬಹುದು. ಸ್ಯಾಂಪಲ್ ಚಿಕ್ಕದಾದಷ್ಟೂ ಸರಾಸರಿ ಬೇಗ ಅಲುಗಾಡುತ್ತದೆ. ಸರಾಸರಿ ನೋಡಿದ ಮೇಲೆ ಕಳೆದ ಮೂರು ತಿಂಗಳ ವಿಮರ್ಶೆಗಳನ್ನು ಮಾತ್ರ ಓದಿ. ಮಾಲೀಕರು ಬದಲಾದರೆ ಹಳೆಯ ಹೊಗಳಿಕೆ ಉಪಯೋಗಕ್ಕಿಲ್ಲ. ಪೂರ್ತಿ ಹೊಗಳಿದವರಿಗಿಂತ, ಪೂರ್ತಿ ಬೈದವರಿಗಿಂತ, ಮಧ್ಯದ ಅಂಕ ಕೊಟ್ಟವರು ವಿವರ ಬರೆಯುತ್ತಾರೆ. ತಿಗಣೆ, ಲಾಕರ್, ಬಿಸಿನೀರು, ಮೆಟ್ಟಿಲು, ರಾತ್ರಿ ಗದ್ದಲ ಈ ಪದಗಳನ್ನು ಹುಡುಕಿ. ಒಂಟಿಯಾಗಿ ಉಳಿದ ಹೆಂಗಸರು ಬರೆದದ್ದನ್ನು ಆಪಾ ಬೇರೆಯಾಗಿಯೇ ಓದಿದರು. ಕೊನೆಗೆ ವಿಳಾಸವನ್ನು ನಕ್ಷೆಯಲ್ಲಿ ಹಾಕಿ, ರಾತ್ರಿ ನಿಲ್ದಾಣದಿಂದ ನಡೆದು ಬರಬೇಕಾದ ಬೀದಿಯ ಚಿತ್ರವನ್ನು ನೋಡಿ.

ತಾರೀಕಿನ ತೊಡಕು

ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಟಿರಿ ಎನ್ನಿ. ಸುಮಾರು ನಾಲ್ಕು ಗಂಟೆ ಹಾರಾಟ. ಮಲೇಷ್ಯಾ ನಮಗಿಂತ ಎರಡೂವರೆ ಗಂಟೆ ಮುಂದಿದೆ. ಇಳಿಯುವಾಗ ಅಲ್ಲಿ ಮರುದಿನ ಬೆಳಿಗ್ಗೆ 5.30. ಹಾಸ್ಟೆಲಿನಲ್ಲಿ ಹಾಸಿಗೆ ಸಿಗುವುದು ಮಧ್ಯಾಹ್ನ 2 ಅಥವಾ 3ಕ್ಕೆ. ಅಲ್ಲಿಯವರೆಗೆ ಬ್ಯಾಗ್ ಇಡಲು ಜಾಗ ಕೊಡುತ್ತೀರಾ ಎಂದು ಮೊದಲೇ ಕೇಳಿ. ಹೆಚ್ಚಿನವರು ಕೊಡುತ್ತಾರೆ. ಇದಕ್ಕಿಂತ ತೊಡಕಿನದು ನಡುರಾತ್ರಿ ದಾಟಿ ಇಳಿಯುವ ವಿಮಾನ. 13ನೇ ತಾರೀಕು ರಾತ್ರಿ 12.40ಕ್ಕೆ ಇಳಿಯುವವರಿಗೆ ಬೇಕಾದದ್ದು 12ನೇ ತಾರೀಕಿನ ರಾತ್ರಿಯ ಹಾಸಿಗೆ. ಟಿಕೆಟ್‌ನಲ್ಲಿ 13 ಎಂದು ಕಾಣುತ್ತದೆ, ಬುಕಿಂಗ್‌ನಲ್ಲಿ 12 ಎಂದು ಹಾಕಬೇಕು.

2023ರ ಡಿಸೆಂಬರ್ 1ರಿಂದ ಮಲೇಷ್ಯಾ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಬರಲು ಬಿಟ್ಟಿದೆ. ಇಂಥ ರಿಯಾಯಿತಿಗಳಿಗೆ ಅವಧಿ ಇರುತ್ತದೆ, ಆದ್ದರಿಂದ ಹೊರಡುವ ಮೊದಲು ಸರ್ಕಾರಿ ತಾಣದಲ್ಲಿ ಮತ್ತೊಮ್ಮೆ ನೋಡಿ. ಹೋಗುವ ಮುನ್ನಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ಆಗಮನ ಕಾರ್ಡ್ ತುಂಬಬೇಕು. ಅದರಲ್ಲಿ ಉಳಿಯುವ ವಿಳಾಸ ಕೇಳುತ್ತಾರೆ. ಹೋದ ಮೇಲೆ ನೋಡಿಕೊಳ್ಳೋಣ ಎನ್ನಲು ಆಗದಿರುವುದಕ್ಕೆ ಇದೂ ಒಂದು ಕಾರಣ.

ಹಣ ಕಟ್ಟುವಾಗ

ಆರ್‌ಬಿಐ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಮುಚ್ಚಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ಅದನ್ನು ತೆರೆದು ಮಿತಿ ಹಾಕಿಕೊಳ್ಳಬೇಕು. ಅಲ್ಲಿನ ಯಂತ್ರದಲ್ಲಿ ಕಾರ್ಡ್ ಹಾಕಿದಾಗ ರೂಪಾಯಿಯಲ್ಲೋ ರಿಂಗಿಟ್‌ನಲ್ಲೋ ಎಂದು ಕೇಳಿದರೆ ರಿಂಗಿಟ್ ಎನ್ನಿ. ರೂಪಾಯಿ ಎಂದರೆ ಪರಿವರ್ತನೆಯ ದರವನ್ನು ಅಂಗಡಿಯ ಕಡೆಯವರು ಕಟ್ಟುತ್ತಾರೆ, ಅದು ಸಾಮಾನ್ಯವಾಗಿ ದುಬಾರಿ.

ಬುಕಿಂಗ್ ಆದ ಮೇಲೆ "ನಿಮ್ಮ ಕಾರ್ಡ್ ದೃಢೀಕರಿಸಿ, ಇಲ್ಲದಿದ್ದರೆ ಹಾಸಿಗೆ ರದ್ದಾಗುತ್ತದೆ" ಎಂದು ಲಿಂಕ್ ಕಳುಹಿಸುವ ಮೋಸಗಾರರಿದ್ದಾರೆ. ನಿಮ್ಮ ಹೆಸರು, ತಾರೀಕು ಸರಿಯಾಗಿಯೇ ಬರೆದಿರುತ್ತಾರೆ. ಲಿಂಕ್ ಒತ್ತಬೇಡಿ. ಹಾಸ್ಟೆಲಿಗೆ ನೇರವಾಗಿ ಫೋನ್ ಮಾಡಿ ಕೇಳಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, 1930 ಸಂಖ್ಯೆಗೆ ದೂರು ಕೊಡಿ.

ನಮಗೆ ಹದಿನೇಳು

ಓದುತ್ತಿರುವ ಬಹುತೇಕರಿಗೆ ನನ್ನಂತೆ ಇನ್ನೂ ಹದಿನೆಂಟು ತುಂಬಿಲ್ಲ. ಬುಕಿಂಗ್ ಎಂದರೆ ಒಂದು ಕರಾರು. ಪ್ರಸ್ತಾವ, ಒಪ್ಪಿಗೆ, ಪ್ರತಿಫಲ ಮೂರೂ ಅದರಲ್ಲಿವೆ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರಿಗೆ ಕರಾರು ಮಾಡಿಕೊಳ್ಳುವ ಅರ್ಹತೆ ಇಲ್ಲ. ಸಿಎ ಫೌಂಡೇಶನ್‌ಗೆ ಓದುತ್ತಿರುವವರಿಗೆ 1903ರ ಮೊಹೋರಿ ಬೀಬಿ ಪ್ರಕರಣ ಬಾಯಿಪಾಠವಿರುತ್ತದೆ. ಹೊರದೇಶಗಳ ಅನೇಕ ಹಾಸ್ಟೆಲ್‌ಗಳೂ ಹದಿನೆಂಟು ತುಂಬದವರಿಗೆ ಡಾರ್ಮ್ ಹಾಸಿಗೆ ಕೊಡುವುದಿಲ್ಲ. ಹೆತ್ತವರ ಜೊತೆ ಹೋದರೂ ವಯಸ್ಸಿನ ನಿಯಮ ಓದಿಯೇ ಬುಕ್ ಮಾಡಿಸಿ. ಹಾಗಾಗಿ ನಾನು ಹುಡುಕಿದೆ, ಹೋಲಿಸಿದೆ, ಕೂಡಿ ಕಳೆದೆ. ಬಟನ್ ಒತ್ತಿದ್ದು ಆಪಾ.

ಅವರು ಮೂವರ ಹಾಸಿಗೆಗಳನ್ನೂ ಒಂದೇ ಬುಕಿಂಗ್‌ನಲ್ಲಿ ಹಾಕದೆ, ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಬೇರೆಯಾಗಿ, ರದ್ದು ಮಾಡಬಹುದಾದ ದರದಲ್ಲೇ ಮಾಡಿದರು. ಹೊರಡಲು ನಾಲ್ಕು ದಿನ ಇರುವಾಗ ಒಬ್ಬ ಗೆಳತಿಯ ರಜೆ ಅವರ ಕಚೇರಿಯಲ್ಲಿ ರದ್ದಾಯಿತು. ಮನೆಗೆ ಮೊದಲ ಸಂಬಳ ತರುತ್ತಿರುವ ಹುಡುಗಿ ಆಕೆ. ವಿಮಾನದ ಟಿಕೆಟ್ ಹಣದಲ್ಲಿ ಹೆಚ್ಚಿನ ಪಾಲು ಹೋಯಿತು. ಹಾಸಿಗೆಯ ಹಣ ಒಂದು ಪೈಸೆಯೂ ಹೋಗಲಿಲ್ಲ, ಉಳಿದ ಇಬ್ಬರ ಬುಕಿಂಗ್‌ಗೂ ತೊಂದರೆಯಾಗಲಿಲ್ಲ. ಅಲ್ಲಿಂದ ಆಪಾ ಅಮ್ಮಿಗೆ ಮೊದಲು ಕಳುಹಿಸಿದ ಫೋಟೋ ಅವಳಿ ಗೋಪುರದ್ದಲ್ಲ, ಕೋಣೆಯ ಬಾಗಿಲಿನದು.

ನೀವು ಹೊರದೇಶಕ್ಕೆ ಹೋಗುವುದು ಇನ್ನೂ ಕೆಲವು ವರ್ಷ ದೂರವಿರಬಹುದು. ಅಲ್ಲಿಯವರೆಗೆ ಮನೆಯವರು ಮೈಸೂರಿಗೋ ಹಂಪಿಗೋ ಹೊರಟಾಗ ಉಳಿಯುವ ಜಾಗದ ಮೂರು ಬೆಲೆಗಳನ್ನು ನೀವೇ ಬರೆದುಕೊಡಿ. ಅಭ್ಯಾಸಕ್ಕೆ ಒಂದು ಪ್ರಶ್ನೆ:

ಒಂದೇ ಹಾಸ್ಟೆಲಿನಲ್ಲಿ ಒಂದೇ ಬಗೆಯ ಹಾಸಿಗೆಗೆ ಎರಡು ದರಗಳಿವೆ. ಹಣ ವಾಪಸ್ ಇಲ್ಲದ ದರ ರಾತ್ರಿಗೆ 35 ರಿಂಗಿಟ್, ವಾಪಸ್ ಇರುವ ದರ 42 ರಿಂಗಿಟ್. ಐದು ರಾತ್ರಿ ಉಳಿಯಬೇಕು. ಕಾರ್ಡ್ ಶುಲ್ಕ ಬಿಟ್ಟುಬಿಡಿ. ಪ್ರವಾಸ ತಪ್ಪುವ ಸಾಧ್ಯತೆ ಎಷ್ಟಿದ್ದರೆ ಎರಡೂ ದರಗಳು ಸಮವಾಗುತ್ತವೆ?

ಉತ್ತರ: ಆರಕ್ಕೆ ಒಂದು. ಆರು ಸಲ 175 ಕಟ್ಟಿದರೆ 1,050. ಹೋದ ಐದು ಸಲ 210 ಕಟ್ಟಿದರೂ 1,050. ನಿಮ್ಮ ಪ್ರವಾಸ ತಪ್ಪುವ ಸಾಧ್ಯತೆ ಇದಕ್ಕಿಂತ ಹೆಚ್ಚಿದ್ದರೆ 42ರ ಹಾಸಿಗೆಯೇ ಅಗ್ಗ.